ಸುಣ್ಣಕಟ್ಟಿದ ಮೊಣಕೈ

ಫೆಬ್ರವರಿ 12, 2006, ಭಾನುವಾರ

ಈ ಡೈರಿಯನ್ನು ಅಳಿಯ ದೀಪು ಬಿಡದಿಯ ಕಾರಿನ ಕಂಪನಿಯಿಂದ ತಂದುಕೊಟ್ಟದ್ದು. ತಂದದ್ದು ನಮ್ಮ ಯಜಮಾನರು ಚೆಲುವಯ್ಯನವರಿಗೆ. ಅವರು ಅದರಲ್ಲಿ "ಎಮ್ಮೆ ಬೆದೆಗೆ ಬಂತು" ಎಂದು ಒಂದೇ ಒಂದು ಸಾಲು ಬರೆದು ಅಟ್ಟದ ಮೇಲೆ ಎಸೆದಿದ್ದರು. ಆ ಹಾಳೆಯನ್ನು ಹರಿದು ಒಲೆಗೆ ಹಾಕಿದೆ. ಇವತ್ತಿನಿಂದ ಡೈರಿ ನನ್ನದು. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ಇಡೀ ಕೂಟಗಲ್ಲಿಗೇ ಹೆಚ್ಚು ಅಂಕ ತೆಗೆದವಳು ಈ ಅಂಬುಜಮ್ಮ. ಎಮ್ಮೆಗಿಂತ ಒಳ್ಳೆಯ ವಿಷಯ ನನ್ನಲ್ಲಿದೆ.

ಒಳ್ಳೆಯದು ಮೊದಲು. ಮಗಳು ಸಿರಿ ಹೆರಿಗೆಗೆ ಬಂದಿದ್ದಾಳೆ. ಈ ತಿಂಗಳೇ ಎಂದಿದ್ದಾರೆ. ಅವಳು ಅಂಗಳದಲ್ಲಿ ಹೊಟ್ಟೆ ಮುಂದು ಮಾಡಿಕೊಂಡು ನಡೆಯುವುದನ್ನು ನೋಡಿದರೆ ನನಗೆ ಕೆಲಸವೇ ಸಾಗುವುದಿಲ್ಲ, ಸುಮ್ಮನೆ ನಗು ಬರುತ್ತದೆ.

ಇನ್ನೊಂದು, ಯಾರಿಗೂ ಹೇಳಲಾಗದ್ದು. ಹೋದ ದೀಪಾವಳಿಯ ಹೊತ್ತಿಗೆ ಮೊಣಕೈ ಮೇಲೆ ಕೆಂಪಗೆ ಒಂದು ಮಚ್ಚೆ ಎದ್ದಿತು. ಅದರ ಮೇಲೆ ಬಿಳೀ ಪದರ. ಕೆರೆದರೆ ಗೋಡೆಯ ಸುಣ್ಣದ ಹಾಗೆ ಉದುರುತ್ತದೆ. ಈಗ ಎರಡೂ ಮೊಣಕೈಗೆ, ಕಿವಿಯ ಹಿಂದಕ್ಕೆ, ತಲೆಯೊಳಕ್ಕೆ ಬಂದಿದೆ.

ನಾನು ರೇಷ್ಮೆ ಹುಳ ಸಾಕುವವರ ಮನೆಯಲ್ಲಿ ಹುಟ್ಟಿ, ಹುಳ ಸಾಕುವವರ ಮನೆಗೇ ಬಂದವಳು. ಸುಣ್ಣಕಟ್ಟು ರೋಗ ಎಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚೆನ್ನಾಗಿ ಸೊಪ್ಪು ತಿನ್ನುತ್ತಿದ್ದ ಹುಳ ಸತ್ತು ಸೆಟೆದು ಸೀಮೆಸುಣ್ಣದ ಕಡ್ಡಿಯಾಗುತ್ತದೆ. ಅದರ ಮೈಯ ಪುಡಿ ಹಾರಿತೋ, ಪಕ್ಕದ ತಟ್ಟೆ ಹೋಯಿತು, ಅದರ ಪಕ್ಕದ್ದು ಹೋಯಿತು, ಕೊನೆಗೆ ಮನೆಯೇ ಹೋಯಿತು. ಒಂದು ಕಂಡರೆ ತಕ್ಷಣ ಎತ್ತಿ ಸುಟ್ಟುಬಿಡಬೇಕು. ನನ್ನನ್ನು ಸುಡುವವರು ಯಾರು? ಅದಕ್ಕೇ ನಾನೇ ನನ್ನನ್ನು ತಟ್ಟೆಯಿಂದ ಎತ್ತಿ ಪಕ್ಕಕ್ಕಿಟ್ಟುಕೊಂಡಿದ್ದೇನೆ. ಬೇರೆ ಚಾಪೆ, ಬೇರೆ ತಟ್ಟೆ, ಬೇರೆ ಲೋಟ. ಬೆಳಿಗ್ಗೆ ಸಂಜೆ ಕೈಗೆ ಬ್ಲೀಚಿಂಗ್ ಪುಡಿಯ ನೀರು. ಸೀರೆಯ ಮೇಲೆ ಯಜಮಾನರ ನೀಲಿ ಚೌಕಳಿಯ ತುಂಬುತೋಳಿನ ಅಂಗಿ. ಸೊಪ್ಪು ಕೊಯ್ಯುವಾಗ ಎಲ್ಲ ಹೆಂಗಸರೂ ಗಂಡಂದಿರ ಅಂಗಿ ಹಾಕುತ್ತಾರೆ, ಅದರಿಂದ ಯಾರಿಗೂ ಅನುಮಾನವಿಲ್ಲ. ಮಲಗುವಾಗಲೂ ಹಾಕುವವಳು ನಾನೊಬ್ಬಳೇ.

"ಅಂಗಿ ನಂದು, ಮೈ ನಿಂದು. ನಮ್ಮಿಬ್ರಲ್ಲಿ ಈಗ ಗಂಡ ಯಾರಮ್ಮಿ?" ಎಂದು ಕೇಳಿದರು ಇವತ್ತು. ಮಾತಿಗೇನೂ ಕಡಿಮೆಯಿಲ್ಲ.

ಫೆಬ್ರವರಿ 21, ಮಂಗಳವಾರ

ಹಳೆಯ ಬೆಳೆ ಗೂಡಾಗಿ ಮಾರುಕಟ್ಟೆಗೆ ಹೋಯಿತು. ಹುಳುಮನೆ ತೊಳೆಯುವ ಕೆಲಸ. ಬ್ಲೀಚಿಂಗ್ ವಾಸನೆಗೆ ಹಲ್ಲಿಗಳೂ ಮನೆ ಬಿಟ್ಟು ಹೋಗಿವೆ.

ಬಲಗಣ್ಣು ಕೆಂಡದ ಹಾಗಾಗಿದೆ. ಒಳಗಿನಿಂದ ನೋಯುತ್ತದೆ, ಬೆಳಕು ನೋಡಲಾಗುವುದಿಲ್ಲ. ಯಜಮಾನರು ಮದ್ರಾಸ್ ಐ ಎಂದರು. ಮದ್ರಾಸ್ ಐ ಆದರೆ ಪಿಸುರು ಬರಬೇಕು, ಇದರಲ್ಲಿ ಅದಿಲ್ಲ. ನನ್ನ ಪ್ರಕಾರ ಇದು ಬ್ಲೀಚಿಂಗ್ ಹೊಗೆ. ಎರಡು ದಿನದಲ್ಲಿ ತಾನಾಗಿ ಹೋಗುತ್ತದೆ.

ಫೆಬ್ರವರಿ 27, ಸೋಮವಾರ

ಅಜ್ಜಿಯಾದೆ! ಅಜ್ಜಿಯಾದೆ! ಅಜ್ಜಿಯಾದೆ!

ರಾಮನಗರದ ಆಸ್ಪತ್ರೆಯಲ್ಲಿ ಬೆಳಿಗ್ಗೆ ಹೆರಿಗೆಯಾಯಿತು. ಹೆಣ್ಣು ಮಗು. ತಲೆ ತುಂಬ ಕೂದಲು, ಸಿಟ್ಟಿನ ಮುಖ. ನರ್ಸಮ್ಮ ಬಟ್ಟೆಯಲ್ಲಿ ಸುತ್ತಿ ತಂದು "ತಗೊಳಿ ಅಜ್ಜಿ" ಎಂದು ಚಾಚಿದಳು. ನನ್ನ ಕೈ ಎರಡೂ ಮುಂದೆ ಹೋಗಿಬಿಟ್ಟಿದ್ದವು. ಅಷ್ಟರಲ್ಲಿ ಅಂಗಿಯ ತೋಳಿನ ತುದಿಯಲ್ಲಿ ಬಿಳೀ ಹೊಟ್ಟು ಕಂಡಿತು. ಕೈ ಹಿಂದಕ್ಕೆ ಎಳೆದುಕೊಂಡೆ.

"ಕಣ್ ಬಂದೈತೆ ಕಣವ್ವ, ಮಗೀಗೆ ಅಂಟ್ಕತದೆ," ಎಂದೆ. ಹಾಳು ಕಣ್ಣು ಈ ಒಂದು ಉಪಕಾರವನ್ನಾದರೂ ಮಾಡಿತು.

ಯಜಮಾನರು ಎತ್ತಿಕೊಂಡರು. ಹುಳದ ತಟ್ಟೆ ಹಿಡಿದ ಹಾಗೆ ಎರಡು ಕೈಯನ್ನೂ ಅಗಲಿಸಿ, ಉಸಿರು ಬಿಗಿಹಿಡಿದು ನಿಂತಿದ್ದರು. ನಾನು ಅಷ್ಟು ದೂರದಿಂದ ನೋಡಿದೆ. ಒಂದು ಕಣ್ಣಿನಲ್ಲಿ ನೋಡಿದರೂ ಎಷ್ಟು ಚೆನ್ನಾಗಿದೆಯಪ್ಪ ಆ ಮಗು.

ಮಾರ್ಚ್ 7, ಮಂಗಳವಾರ

ಹೊಸ ಹುಳ ಬಂದಿದೆ, ಅಕ್ಕಿಕಾಳಿನ ಗಾತ್ರ. ಮಗುವೂ ಮನೆಗೆ ಬಂದಿದೆ. ಎರಡೂ ತಿನ್ನುವುದು, ಮಲಗುವುದು, ತಿನ್ನುವುದು.

ಮಗುವಿಗೆ ಎಣ್ಣೆನೀರು ಹಾಕಲು ಪಕ್ಕದ ಮನೆಯ ಕಬ್ಬಾಳಕ್ಕನನ್ನು ಕರೆದೆ. ಈ ಬೀದಿಯ ಅರ್ಧ ಮಕ್ಕಳು ಅವಳ ಕಾಲ ಮೇಲೆ ಮಿಂದವು. ಬಚ್ಚಲಲ್ಲಿ ಕಾಲು ಚಾಚಿ ಕೂತು ಮಗುವನ್ನು ಬೋರಲು ಹಾಕಿಕೊಂಡು, "ನಿನ್ ಮಗಳ ಮಗೀಗೆ ನಾನ್ ನೀರ್ ಉಯ್ಬೇಕಾ ಅಂಬುಜಿ? ನಿನ್ ಕಾಲೇನ್ ಬಿದ್ದೋಗೈತಾ?" ಎಂದಳು.

"ಕಣ್ಣು ನೋಡಕ್ಕ, ಇನ್ನೂ ಕೆಂಪಗೈತೆ," ಎಂದೆ.

"ಅದಕ್ಕೇನು, ಎರಡು ತೊಟ್ಟು ಮೊಲೆಹಾಲು ಬುಟ್ರೆ ಸರ್ಯಾಯ್ತದೆ. ಮನೇಲೇ ಐತಲ್ಲ! ಸಿರಿ, ಒಸಿ ಕೊಡವ್ವ ನಿಮ್ಮವ್ವಂಗೆ."

ಸಿರಿ ಬಾಗಿಲಲ್ಲಿ ಟವಲು ಹಿಡಿದು ನಿಂತಿದ್ದಳು. "ನನ್ ಮಗೀನ ಮುಟ್ಟಕ್ಕಾಗಲ್ಲ, ನನ್ ಹಾಲು ಮಾತ್ರ ಬೇಕಾ?" ಎಂದಳು.

ಕಬ್ಬಾಳಕ್ಕನಂಥ ಕಬ್ಬಾಳಕ್ಕನೇ ತಲೆ ತಗ್ಗಿಸಿ ನೀರು ಹೊಯ್ದಳು. ನಾನು ಹಾಲು ಕೇಳಿದ್ದೇನೇ? ಬಾಣಂತಿಗೆ ಸಿಟ್ಟು ಬರುವುದು ಸಹಜ ಎಂದುಕೊಂಡು ಒಲೆಗೆ ಸೌದೆ ತುಂಬಿದೆ. ಹೊಗೆಗೆ ಎರಡು ಕಣ್ಣಿಂದಲೂ ನೀರು ಬಂತು.

ಮಾರ್ಚ್ 9, ಗುರುವಾರ

ರಾಮನಗರದ ಕಣ್ಣಿನ ಡಾಕ್ಟರಲ್ಲಿಗೆ ಹೋಗಿ ಬಂದೆ. ಒಳ್ಳೆಯ ಮನುಷ್ಯ. ಗಲ್ಲ ಊರಿಸುವ ಯಂತ್ರದಲ್ಲಿ ನೋಡಿ, "ಇದು ಹೊಗೆಯಿಂದ ಆದದ್ದಲ್ಲಮ್ಮ, ಕಣ್ಣಿನ ಒಳಗೇ ಊತ ಇದೆ. ಮೈಮೇಲೆ ಚರ್ಮದ ತೊಂದರೆ, ಕೀಲುನೋವು ಏನಾದ್ರೂ ಇದ್ಯಾ?" ಎಂದು ಕೇಳಿದರು.

ಚರ್ಮಕ್ಕೂ ಕಣ್ಣಿಗೂ ಏನು ಸಂಬಂಧ? ಸರದಿಯವರೆಲ್ಲ ಅದೇ ಕೋಣೆಯ ಬೆಂಚಿನ ಮೇಲೆ ಕೂತಿದ್ದರು, ನನ್ನ ಹಿಂದೆಯೇ ನಮ್ಮೂರಿನ ಹಾಲಿನ ಡೈರಿ ಸೆಕ್ರೆಟರಿ ನಟರಾಜು. ಅವನ ಕಿವಿಗೆ ಬಿದ್ದರೆ ಸಂಜೆ ಹಾಲು ಅಳೆಯುವ ಹೊತ್ತಿಗೆ ಪ್ರತಿ ಕ್ಯಾನಿನ ಜೊತೆಗೆ ನನ್ನ ಮೊಣಕೈಯೂ ಊರೂರು ಸುತ್ತುತ್ತದೆ.

"ಏನೂ ಇಲ್ಲ ಸಾರ್," ಎಂದೆ. ಬೆಳಿಗ್ಗೆ ಬೆರಳು ಮಡಚಲಾಗದೆ ಬಿಸಿನೀರಿನಲ್ಲಿ ಅದ್ದುವುದನ್ನೂ ಹೇಳಲಿಲ್ಲ.

ಡ್ರಾಪ್ಸ್ ಕೊಟ್ಟರು. ಕೆಂಪು ಹೋಯಿತೆಂದು ನೀವಾಗಿ ನಿಲ್ಲಿಸಬಾರದು, ಮತ್ತೆ ಬಂದು ತೋರಿಸಬೇಕು ಎಂದು ಎರಡು ಸಲ ಹೇಳಿದರು.

ಮಾರ್ಚ್ 16, ಗುರುವಾರ

ಕಣ್ಣು ಬೆಳ್ಳಗಾಗಿದೆ. ಕನ್ನಡಿಯಲ್ಲಿ ನೋಡಿಕೊಂಡು ಖುಷಿಪಟ್ಟೆ. ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಸಿರಿ ನೋಡಿ, "ವಾಸಿ ಆಯ್ತಲ್ಲವ್ವ! ಈಗ ಎತ್ಕೋ," ಎಂದು ಮಗುವನ್ನು ತಂದೇಬಿಟ್ಟಳು.

"ಕೈಯೆಲ್ಲ ಬ್ಲೀಚಿಂಗ್ ವಾಸನೆ ಕಣವ್ವ. ಆಮೇಲೆ ಎತ್ಕತೀನಿ."

ಅವಳು ನನ್ನ ಮುಖ ನೋಡಿದಳು. ಮಗುವನ್ನು ತೊಟ್ಟಿಲಲ್ಲಿ ಮಲಗಿಸಿದಳು. ಬೈದಿದ್ದರೆ ಚೆನ್ನಾಗಿತ್ತು.

ಡ್ರಾಪ್ಸ್ ನಿಲ್ಲಿಸಿದೆ. ಕೆಂಪು ಹೋದ ಮೇಲೆ ಇನ್ನೇಕೆ? ಬಾಟಲಿಯನ್ನು ಸಾಸಿವೆ ಡಬ್ಬದ ಹಿಂದೆ ಇಟ್ಟಿದ್ದೇನೆ.

ಮಾರ್ಚ್ 25, ಶನಿವಾರ

ಹುಳ ಹಣ್ಣಾಗಿದೆ. ಕಣ್ಣೂ ಮತ್ತೆ ಹಣ್ಣಾಗಿದೆ, ಮೆಣಸಿನ ಹಣ್ಣು.

ಸುಣ್ಣಕಟ್ಟಿನ ಭಯಕ್ಕೆ ನಾನು ಹುಳ ಮುಟ್ಟದೆ ಬರೀ ಸೊಪ್ಪು ತರುವ ಕೆಲಸ ಮಾಡಿಕೊಂಡಿದ್ದೆ. ಆದರೆ ಹಣ್ಣು ಹುಳ ಯಾರನ್ನೂ ಕಾಯುವುದಿಲ್ಲ. ಒಂದೊಂದನ್ನೇ ಆರಿಸಿ ಬಿದಿರಿನ ಚಂದ್ರಂಕಿಯ ಮೇಲೆ ಬಿಟ್ಟರೆ ತಾನೇ ಅದು ಗೂಡು ಕಟ್ಟುವುದು? ಕೈಗೆ ಬ್ಲೀಚಿಂಗ್ ನೀರು ಸುರಿದುಕೊಂಡು ನಾನೂ ಕೂತೆ. ಹಣ್ಣು ಹುಳದ ಮೈ ಬೆಳಕಿಗೆ ಹಿಡಿದ ದ್ರಾಕ್ಷಿಯ ಹಾಗೆ ಕಾಣಬೇಕು. ನನಗೆ ಎಲ್ಲವೂ ಒಂದೇ ಹಾಗೆ, ಮಂಜಿನಲ್ಲಿ ಇಟ್ಟ ಹಾಗೆ ಕಂಡವು.

ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಯಜಮಾನರು ನನ್ನ ಹಿಂದೆಯೇ ಬಂದು, ನಾನು ಬಿಟ್ಟ ಕಾಯಿ ಹುಳಗಳನ್ನು ತೆಗೆದು ತಟ್ಟೆಗೆ ಹಾಕುತ್ತಿದ್ದಾರೆ. ತಮಾಷೆ ಮಾಡದ ಯಜಮಾನರನ್ನು ಕಂಡರೆ ನನಗೆ ಭಯ.

ಒಂದು ಸಮಾಧಾನ. ಈ ಬೆಳೆಯಲ್ಲಿ ಒಂದೇ ಒಂದು ಹುಳಕ್ಕೂ ಸುಣ್ಣಕಟ್ಟಲಿಲ್ಲ. ಹೋದ ಬೆಳೆಯಲ್ಲೂ ಇರಲಿಲ್ಲ. ಎಲ್ಲ ಬ್ಲೀಚಿಂಗ್ ಪುಣ್ಯ.

ಮಾರ್ಚ್ 30, ಗುರುವಾರ, ಯುಗಾದಿ

ಬೇವು ಬೆಲ್ಲ, ಹೋಳಿಗೆ. ದೀಪು ಬಂದಿದ್ದಾನೆ. ಸಂಜೆ ಚಂದ್ರನನ್ನು ನೋಡಲು ಬೀದಿಗೆ ಬೀದಿಯೇ ಹೊರಗೆ ನಿಂತಿತ್ತು. ಯುಗಾದಿ ಚಂದ್ರನನ್ನು ನೋಡದವರಿಗೆ ವರ್ಷವೇ ಶುರುವಾಗುವುದಿಲ್ಲ. "ಕಂಡ! ಕಂಡ!" ಎಂದು ಮಕ್ಕಳು ಕೂಗಿದವು. ಸಿರಿ ಮಗುವಿನ ಮುಖವನ್ನು ಆಕಾಶಕ್ಕೆ ತಿರುಗಿಸಿ ತೋರಿಸುತ್ತಿದ್ದಳು.

ಒಂದು ಕಣ್ಣಿನ ನೋವಿಗೆ ಇನ್ನೊಂದರಲ್ಲೂ ನೀರು. ನನಗೆ ಆಕಾಶ ಕಂಡಿತು. ಅಷ್ಟೇ. ಎಡಗಣ್ಣು ಮುಚ್ಚಿ ನೋಡಿದೆ, ಆಕಾಶವೂ ಅಷ್ಟಕ್ಕಷ್ಟೆ.

"ಕಂಡ್ತಾ ಅವ್ವ?" ಎಂದಳು ಸಿರಿ.

"ಓ, ಕಂಡ್ತಲ್ಲ!"

"ಎಲ್ಲೈತೆ ತೋರ್ಸು ನೋಡವ," ಎಂದರು ಯಜಮಾನರು.

ತೆಂಗಿನ ಮರದ ಕಡೆ ಬೆರಳು ತೋರಿಸಿದೆ. ಚಂದ್ರ ಇದ್ದದ್ದು ಹುಣಸೆ ಮರದ ಕಡೆಯಂತೆ. ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಯಜಮಾನರು ನಗಲಿಲ್ಲ.

ಮಾರ್ಚ್ 31, ಶುಕ್ರವಾರ, ವರ್ಷದ ತೊಡಕು

ಮಟನ್ ಸಾರು ಚೆನ್ನಾಗಿತ್ತು. ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಊಟದ ನಡುವೆ ಮಗು ಅತ್ತಿತು. ಸಿರಿಯ ಕೈ ಎಂಜಲಾಗಿತ್ತು, ನಾನು ಬಡಿಸುತ್ತ ತೊಟ್ಟಿಲ ಪಕ್ಕದಲ್ಲೇ ಇದ್ದೆ. "ಎತ್ಕೋ ಅವ್ವ" ಎಂದಳು. ನಾನು ಕಾಲಿನಿಂದ ತೊಟ್ಟಿಲು ತೂಗಿದೆ.

ಅವಳು ತಟ್ಟೆ ತಳ್ಳಿ ಎದ್ದಳು. "ಹೆಣ್ಣು ಅಂತಾನೇ ತಾನೆ ಅವ್ವ? ಗಂಡಾಗಿದ್ರೆ ಕೆಳಗೇ ಇಳಿಸ್ತಿರ್ಲಿಲ್ಲ. ಒಂಬತ್ತನೇ ತಾರೀಕು ತೊಟ್ಟಿಲು ಶಾಸ್ತ್ರ ಮುಗೀತಿದ್ದಂಗೆ ನಾನು ಅತ್ತೆ ಮನೆಗೆ ಹೋಗ್ತೀನಿ. ಅಲ್ಲಿ ಎತ್ಕೊಳ್ಳೋರಿದ್ದಾರೆ."

ದೀಪು ಕೈಯಲ್ಲಿ ಮೂಳೆ ಹಿಡಿದು ತಟ್ಟೆಯನ್ನೇ ನೋಡುತ್ತಿದ್ದ, ಪಾಪ.

ಹೆಣ್ಣು ಅಂತ! ನಾನು! ಈ ಸಿರಿ ಹುಟ್ಟಿದಾಗ ಓಣಿಗೆಲ್ಲ ಸಕ್ಕರೆ ಹಂಚಿದವಳು ನಾನು. ಅದನ್ನು ಹೇಳಲು ಬಾಯಿ ತೆರೆದೆ. ಹೇಳಿದರೆ ಮುಂದಿನ ಪ್ರಶ್ನೆಗೆ ಅಂಗಿ ಬಿಚ್ಚಬೇಕು. ಹೋಗಿ ಹುಳುಮನೆಯಲ್ಲಿ ಕೂತು ಅತ್ತೆ.

ಯಜಮಾನರು ಬಂದು ಪಕ್ಕದಲ್ಲಿ ಕೂತರು. "ಸೋಮವಾರ ಬೆಂಗ್ಳೂರು ಕಣ್ಣಾಸ್ಪತ್ರೆಗೆ ಓಗವ. ಚಂದ್ರನ್ನ ತೆಂಗಿನ್ಮರದಲ್ಲಿ ನೋಡೋಳ ಜೊತೆ ನಾನೆಂಗಮ್ಮಿ ಬಾಳಾದು?"

ಅಳು ಬರುತ್ತಿದ್ದರೂ ನಗು ಬಂತು. ಇವರನ್ನು ಏನು ಮಾಡುವುದು!

ಏಪ್ರಿಲ್ 3, ಸೋಮವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು. ಎರಡು ಕಣ್ಣಿಗೂ ಬಿಟ್ಟ ಔಷಧಿಯಿಂದ ಅಕ್ಷರ ಮಸಕು ಮಸಕು. ಸಾಲು ಓರೆಯಾದರೆ ಆಗಲಿ.

ದೊಡ್ಡ ಆಸ್ಪತ್ರೆ. ಡಾಕ್ಟರು ಸುಹಾನಾ ಎಂದು, ನಮ್ಮ ಸಿರಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಯಂತ್ರದಲ್ಲಿ ಬಹಳ ಹೊತ್ತು ನೋಡಿದಳು. ಆ ಬೆಳಕಿಗೆ ನನ್ನ ಪ್ರಾಣವೇ ಹೋದಂತಾಯಿತು.

"ಅಮ್ಮ, ಒಳಗಡೆ ಊತ ಜಾಸ್ತಿ ಇದೆ. ಕಣ್ಣೊಳಗಿನ ಪೊರೆ ಅಂಟ್ಕೊಳೋಕೆ ಶುರುವಾಗಿದೆ. ಔಷಧಿ ಕೊಡ್ತೀನಿ, ಬಿಡಿಸ್ಬಹುದು. ಆದ್ರೆ ಇದು ಹಿಂಗೇ ಬಂದು ಬಂದು ಹೋಗ್ತಿದ್ರೆ ದೃಷ್ಟೀನೇ ಹೋಗ್ಬಿಡುತ್ತೆ. ಯಾಕೆ ಬರ್ತಿದೆ ಅಂತ ಗೊತ್ತಾಗ್ಬೇಕು. ಮೈಮೇಲೆ ಚರ್ಮದ್ದೇನಾದ್ರೂ ಇದ್ಯಾ?"

ಅದೇ ಪ್ರಶ್ನೆ. ಈ ಸಲ ಹಿಂದೆ ಡೈರಿ ಸೆಕ್ರೆಟರಿ ಇರಲಿಲ್ಲ, ಯಜಮಾನರಿದ್ದರು. ಅದು ಇನ್ನೂ ಕಷ್ಟ. ಅವರು ಎದ್ದು ದೂರ ಸರಿದುಬಿಟ್ಟರೆ? ಆದರೆ ನನ್ನ ತಲೆಯಲ್ಲಿ ಸುತ್ತುತ್ತಿದ್ದದ್ದು ಒಂದೇ. ಮಗುವನ್ನು ಎತ್ತಿಕೊಳ್ಳುವುದಂತೂ ಆಗಲಿಲ್ಲ, ಇನ್ನು ನೋಡುವುದೂ ಹೋಗುತ್ತದಲ್ಲ.

ತೋಳಿನ ಗುಂಡಿ ಬಿಚ್ಚಿದೆ. ಮೊಣಕೈವರೆಗೆ ಮಡಚಿ ಮೇಜಿನ ಮೇಲಿಟ್ಟೆ. "ಸುಣ್ಣಕಟ್ಟು ಮೇಡಂ," ಎಂದೆ.

ಡಾಕ್ಟರು ಮೊಣಕೈ ನೋಡಿದಳು, ನನ್ನನ್ನು ನೋಡಿದಳು. "ಯಾವೂರಮ್ಮ ನಿಮ್ದು?"

"ಕೂಟಗಲ್ಲು."

"ಅನ್ಕೊಂಡೆ! ನಮ್ದು ರಾಮನಗರ. ನಮ್ಮ ಅಬ್ಬಾ ರೇಷ್ಮೆ ನೂಲು ತೆಗಿಸ್ತಾರೆ, ಗಫಾರ್ ಸಾಬ್ರು ಅಂತ."

"ಗಫಾರ್ ಸಾಬ್ರ ಮಗ್ಳಾ!" ಯಜಮಾನರು ಕುರ್ಚಿಯಿಂದ ಎದ್ದೇಬಿಟ್ಟರು. "ನಮ್ ಗೂಡು ಎಷ್ಟ್ ಸಲ ತಗಂಡವ್ರೆ ಅವ್ರು! ಗೂಡನ್ನ ಕಿವಿ ತಾವ ಹಿಡ್ದು ಅಲ್ಲಾಡ್ಸಿ ಅಲ್ಲಾಡ್ಸಿ ತಲೆ ತಿಂತಾರೆ ಕಣವ್ವ."

"ಮನೇಲೂ ಹಂಗೇ," ಎಂದು ನಕ್ಕಳು ಡಾಕ್ಟರು. ಆಮೇಲೆ ನನ್ನ ಕಡೆ ತಿರುಗಿ, "ಅಮ್ಮ, ನೀವು ಹುಳ ಅಲ್ಲ. ಸುಣ್ಣಕಟ್ಟು ಹುಳಕ್ಕೆ ಬರೋದು. ಇದರ ಹೆಸರು ಸೋರಿಯಾಸಿಸ್. ಯಾರಿಂದ್ಲೂ ಬಂದಿದ್ದಲ್ಲ, ಯಾರಿಗೂ ಹೋಗಲ್ಲ. ಮೈ ಕಾಯ್ಬೇಕಾದ ಕಾವಲಿನವರೇ ದಾರಿ ತಪ್ಪಿ ಮನೆಯವರನ್ನ ಹೊಡೀತಾರಲ್ಲ, ಹಂಗೆ ಇದು. ಕೆಲವರಿಗೆ ಅದೇ ಜಗಳ ಕಣ್ಣಿನೊಳಗೂ ನಡೆಯುತ್ತೆ, ಕೀಲಲ್ಲೂ ನಡೆಯುತ್ತೆ. ಬೆರಳು ತೋರ್ಸಿ," ಎಂದಳು.

ಬೆರಳನ್ನೂ ನೋಡಿದಳು. ಮೊದಲೇ ಹೇಳಿದ್ದರೆ ಇಷ್ಟು ಆಗುತ್ತಿರಲಿಲ್ಲ ಎಂದು ಬೈದಳು. ಡ್ರಾಪ್ಸ್ ನಡುವೆ ನಿಲ್ಲಿಸಿದ್ದಕ್ಕೆ ಬೈದಳು. ಬ್ಲೀಚಿಂಗ್ ನೀರಿನ ವಿಷಯ ಕೇಳಿ ಎಲ್ಲಕ್ಕಿಂತ ಜೋರಾಗಿ ಬೈದಳು. "ತೊಳೆದು ತೊಳೆದು ನೀವೇ ಅದನ್ನ ಕೆರಳಿಸಿದ್ದೀರ. ಅಂಟೋದಿಲ್ಲ ಅಂದ್ನಲ್ಲ. ಪಕ್ಕದಲ್ಲಿ ಮಲಗಿದ್ರೂ ಅಂಟಲ್ಲ."

"ಪಕ್ಕದಲ್ಲಿ ಎಲ್ ಮಲಗುಸ್ಕಂಡವ್ಳೆ ತಾಯಿ, ದೀಪಾವಳಿಯಿಂದ!" ಎಂದುಬಿಟ್ಟರು ಯಜಮಾನರು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಡಾಕ್ಟರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಆ ನಗುವಿನ ನಡುವೆಯೇ ನಾನು ಕೇಳಿದೆ. "ಮೇಡಂ, ಮಗು ಎತ್ಕಬೋದಾ?"

"ಯಾವ ಮಗು?"

"ಮೊಮ್ಮಗಳು. ಹುಟ್ಟಿ ತಿಂಗ್ಳು ಆಯ್ತು."

"ಇನ್ನೂ ಎತ್ಕೊಂಡೇ ಇಲ್ವಾ?"

ಇಲ್ಲವೆಂದು ತಲೆಯಾಡಿಸಿದೆ. ನಗು ನಿಂತಿತು. ಡಾಕ್ಟರು ಪೆನ್ನು ಕೆಳಗಿಟ್ಟು, ಮೇಜಿನ ಮೇಲಿದ್ದ ನನ್ನ ಮೊಣಕೈಯನ್ನು ಬರಿಗೈಯಲ್ಲಿ ಹಿಡಿದುಕೊಂಡಳು. ಪದರ ಇರುವ ಜಾಗವನ್ನೇ ಹಿಡಿದುಕೊಂಡಳು. "ನೋಡಿ, ನಾನು ಹಿಡ್ಕೊಂಡಿದ್ದೀನಿ. ಇವತ್ತೇ ಹೋಗಿ ಎತ್ಕೊಳ್ಳಿ."

ಅತ್ತುಬಿಟ್ಟೆ. "ಅಳ್ಬೇಡಿ ಅಮ್ಮ, ಈಗ ತಾನೆ ಹಾಕಿದ ಡ್ರಾಪ್ಸ್ ಹೊರಟೋಗುತ್ತೆ," ಎಂದಳು. ಆದರೂ ಕೈ ಬಿಡಲಿಲ್ಲ.

ಬಸ್ಸು ಬಿಡದಿ ದಾಟಿದ ಮೇಲೆ ಯಜಮಾನರು, "ನಂಗಾದ್ರೂ ಯೋಳ್ಬಾರ್ದಿತ್ತಾ? ನಾನೇನ್ ನಿನ್ನ ಎತ್ತಿ ಬೆಂಕಿಗಾಕ್ತಿದ್ನಾ?" ಎಂದರು. ಕಿಟಕಿಯ ಕಡೆ ತಿರುಗಿಕೊಂಡರು. ನನ್ನ ಕೈಯ ಮೇಲೆ ಅವರ ಕೈ ಇತ್ತು, ಅಂಗಿಯ ಮಡಚಿದ ತೋಳಿನ ಕೆಳಗೆ.

ಏಪ್ರಿಲ್ 4, ಮಂಗಳವಾರ

ಎತ್ತಿಕೊಂಡೆ.

ನಿನ್ನೆ ಬಸ್ಸಿನವರೆಗೆ ಬರೆಯುವಷ್ಟರಲ್ಲಿ ಕಣ್ಣು ಸೋತಿತ್ತು. ಮನೆಗೆ ಬಂದವಳೇ ಸಿರಿಗೆ ಎರಡು ಕೈಯನ್ನೂ ತೋರಿಸಿದೆ. ಎಲ್ಲ ಹೇಳಿದೆ. ಅವಳು ನನ್ನ ಬೆನ್ನಿಗೆ ಎರಡು ಗುದ್ದು ಹಾಕಿ, "ಇದನ್ನ ಹೇಳೋಕೆ ಬಾಯಿರ್ಲಿಲ್ವಾ ನಿಂಗೆ? ಊರಿಗೆಲ್ಲ ಇರೋ ಬಾಯಿ!" ಎಂದು ಅತ್ತಳು. ಆಮೇಲೆ ಮಗುವನ್ನು ಮಡಿಲಿಗೆ ಹಾಕಿದಳು.

ಡ್ರಾಪ್ಸಿನಿಂದ ಹತ್ತಿರದ್ದು ಕಾಣುವುದಿಲ್ಲ! ಇಷ್ಟು ದಿನ ಕಾದು ಮಗು ಎತ್ತಿದರೆ ಮುಖವೇ ಮಸಕು. ತೋಳು ನೀಳ ಮಾಡು, ದೂರ ಹಿಡಿ, ಆಗ ಮೂಗು ಸಿಗುತ್ತದೆ. ಹತ್ತಿರ ತಂದರೆ ಬರೀ ವಾಸನೆ. ಹಾಲು, ಎಣ್ಣೆ, ಸಾಂಬ್ರಾಣಿ. ಸಾಕು, ಇನ್ನೇನು ಬೇಕು?

ಏಪ್ರಿಲ್ 9, ಭಾನುವಾರ

ತೊಟ್ಟಿಲು ಶಾಸ್ತ್ರ ಭರ್ಜರಿಯಾಗಿ ಆಯಿತು. ಮಗುವನ್ನು ಕರೆಯಲು ಪ್ರತಿಮಾ, ಮನೆದೇವರ ಹೆಸರಿನಲ್ಲಿ ಕಬ್ಬಾಳಮ್ಮ. ಕಬ್ಬಾಳಕ್ಕ ತನ್ನ ಹೆಸರನ್ನೇ ಇಟ್ಟರೆಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಇರಲಿ, ಅಷ್ಟು ನೀರು ಹೊಯ್ದಿದ್ದಾಳೆ.

ರೇಷ್ಮೆ ಸೀರೆಯ ಮೇಲೆ ಚೌಕಳಿ ಅಂಗಿ ಹಾಕಲಾಗುತ್ತದೆಯೇ? ಹಾಕಲಿಲ್ಲ. ಮದುವೆ ಕಾಲದ ಕುಪ್ಪಸ ಬಿಗಿಯಾಗಿ ಉಸಿರಾಡುವುದೇ ಕಷ್ಟವಾಯಿತು. ಬೆಳಕು ಚುಚ್ಚದಿರಲೆಂದು ದೀಪು ತಂದ ಕೂಲಿಂಗ್ ಗ್ಲಾಸ್ ಹಾಕಿಕೊಂಡಿದ್ದೆ.

ಡೈರಿ ಸೆಕ್ರೆಟರಿ ನಟರಾಜು ಹೋಳಿಗೆ ತಿನ್ನುತ್ತ, "ಏನಕ್ಕ, ಯಾವ್ ಪಿಚ್ಚರ್ ಶೂಟಿಂಗು?" ಎಂದ. ಆಮೇಲೆ ಅವನ ಕಣ್ಣು ನನ್ನ ಮೊಣಕೈಗೆ ಹೋಯಿತು.

"ಸೋರಿಯಾಸಿಸ್ ಕಣಪ್ಪ," ಎಂದೆ. "ಮೈಗೂ ಐತೆ, ಕಣ್ಣಿಗೂ ಐತೆ. ಅಂಟಾಕಿಲ್ಲ. ಸಂಜೆ ಹಾಲ್ ಹಾಕೋರ್ಗೆಲ್ಲ ಸರಿಯಾಗಿ ಯೋಳು, ನಿಂದೂ ಒಸಿ ಸೇರುಸ್ಬೇಡ."

ಅವನ ಹೋಳಿಗೆ ಗಂಟಲಲ್ಲೇ ನಿಂತಿತು. ನೀರು ಕೊಟ್ಟೆ.

ಸಿರಿ ಅತ್ತೆಮನೆಗೆ ಹೋಗುವ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅವಳ ಅತ್ತೆ ಕೇಳಿದ್ದಕ್ಕೆ, "ಐದು ತಿಂಗ್ಳು ಆಗ್ಲಿ ಅತ್ತೆ, ಅವ್ವ ಇನ್ನೂ ಮಗೂನ ಸರಿಯಾಗಿ ನೋಡೇ ಇಲ್ಲ" ಎಂದಳಂತೆ.

ಏಪ್ರಿಲ್ 21, ಶುಕ್ರವಾರ

ಡಾಕ್ಟರು ಸುಹಾನಾ ಬಳಿಗೆ ಹೋಗಿದ್ದೆ. ಅಂಟಿದ ಪೊರೆ ಬಿಟ್ಟುಕೊಂಡಿದೆಯಂತೆ, ದೃಷ್ಟಿ ಬಂದಿದೆಯಂತೆ. ಡ್ರಾಪ್ಸ್ ಮೆಲ್ಲಗೆ ಇಳಿಸುತ್ತ ಬರಬೇಕು. ಇದು ಪೂರ್ತಿ ಬಿಟ್ಟುಹೋಗುವ ಕಾಯಿಲೆಯಲ್ಲ, ಕಣ್ಣು ಕೆಂಪಾದ ದಿನವೇ ಓಡಿ ಬರಬೇಕು ಎಂದಳು. ಚರ್ಮದ ಡಾಕ್ಟರೂ ನೋಡಿದರು, ಮುಲಾಮು ಕೊಟ್ಟರು. ಬೆರಳಿಗೂ ಮಾತ್ರೆ.

ಸರದಿಯಲ್ಲಿ ಮಾಗಡಿ ಕಡೆಯ ಒಬ್ಬ ಗಂಡಸು ಕೆಂಪು ಹೋಯಿತೆಂದು ಡ್ರಾಪ್ಸ್ ನಿಲ್ಲಿಸಿದ್ದನಂತೆ. ಎಂಥ ದಡ್ಡರಿರುತ್ತಾರೆ! ಚೆನ್ನಾಗಿ ಬೈದೆ. ಮೈಮೇಲೆ ಏನಾದರೂ ಇದ್ದರೆ ಒಳಗೆ ಹೋಗಿ ಬಾಯಿಬಿಟ್ಟು ಹೇಳು ಎಂದೂ ಹೇಳಿದೆ. ನನ್ನ ಮೊಣಕೈ ತೋರಿಸಿದೆ.

ಏಪ್ರಿಲ್ 30, ಭಾನುವಾರ

ನಿನ್ನೆ ಸಂಜೆ ಸೊಪ್ಪಿನ ಹೊರೆ ಹೊತ್ತು ಬರುವಾಗ ಹುಣಸೆ ಮರದ ಪಕ್ಕದಲ್ಲಿ ಚಂದ್ರ. ಉಗುರಿನಷ್ಟು, ಗೆರೆ ಎಳೆದ ಹಾಗೆ. ಹೊರೆ ಅಲ್ಲೇ ಹಾಕಿ ಮನೆಯವರನ್ನೆಲ್ಲ ಕೂಗಿ ಕರೆದೆ. ಬಂದು ನೋಡಿ, "ಇದೇನ್ ಹೊಸ್ದಾ? ತಿಂಗ್ಳು ತಿಂಗ್ಳೂ ಬತ್ತದಲ್ಲ," ಎಂದರು ಯಜಮಾನರು. ಆದರೆ ಒಳಗೆ ಹೋಗಲಿಲ್ಲ, ಪಕ್ಕದಲ್ಲಿ ನಿಂತು ಅದು ಮುಳುಗುವವರೆಗೂ ನೋಡಿದರು.

ಇವತ್ತು ಕಬ್ಬಾಳಕ್ಕನಿಗೆ ರಜೆ ಕೊಟ್ಟೆ. ನಾನೇ ಬಚ್ಚಲಲ್ಲಿ ಕಾಲು ಚಾಚಿ ಕೂತೆ. ಅವಳು ಬಾಗಿಲಲ್ಲಿ ನಿಂತು "ನೀರ್ ಬಿಸಿ ಸಾಲ್ದು, ತಲೆ ಹಿಡ್ಕಳೋದ್ ಹಂಗಲ್ಲ" ಎಂದು ಕೊನೆಯವರೆಗೂ ತಪ್ಪು ಹುಡುಕಿದಳು. ಮಗು ಮೊದಲು ಬಾಯಿ ಮಾಡಿತು, ಬೆನ್ನಿಗೆ ಬಿಸಿನೀರು ಬಿದ್ದದ್ದೇ ತೆಪ್ಪಗಾಯಿತು. ಎಣ್ಣೆ ಮಿಕ್ಕಿತು, ನನ್ನ ಕೈಗಳಿಗೂ ಸವರಿಕೊಂಡೆ. ತಿರುಗಿಸಿ ಮಲಗಿಸಿದಾಗ ಮಗು ನನ್ನ ಮೊಣಕೈಯನ್ನು ಹಿಡಿದುಕೊಂಡು ನಕ್ಕಿತು. ನಿದ್ದೆಯ ನಗುವಲ್ಲ, ನನ್ನನ್ನು ನೋಡಿಯೇ ನಕ್ಕದ್ದು. ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ. ಇಷ್ಟು ದಿನ ಯಾರೂ ನನಗೆ ಹೇಳಿರಲೇ ಇಲ್ಲ!

ಬೆಳಿಗ್ಗೆಯಿಂದ ಯಜಮಾನರದ್ದೊಂದು ರಗಳೆ. ನೀಲಿ ಚೌಕಳಿ ಅಂಗಿ ಕಾಣುತ್ತಿಲ್ಲವಂತೆ. ಪೆಟ್ಟಿಗೆ ಜಾಲಾಡಿದರು, ಹುಳುಮನೆಯ ಗೂಟ ನೋಡಿದರು. "ಮೈಮೇಲಿಂದ ಇಳಿಸ್ತಾನೇ ಇರ್ಲಿಲ್ಲ, ಎಲ್ಲಾಕ್ದಮ್ಮಿ?" ಎಂದು ನನ್ನ ಮೇಲೆ ಹಾರಾಡಿದರು.

ನನಗೂ ತಕ್ಷಣ ನೆನಪಾಗಲಿಲ್ಲ. ಆಮೇಲೆ ಅಂಗಳದ ತಂತಿಯ ಕಡೆ ಕೈ ತೋರಿಸಿದೆ. ಒಗೆದೂ ಒಗೆದೂ ಬಟ್ಟೆ ಬೆಣ್ಣೆಯಂತಾಗಿತ್ತು, ಮಗುವಿನ ಕೆಳಗೆ ಹಾಕಲು ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಮೊನ್ನೆಯೇ ಹರಿದಿದ್ದೆ. ಬೆನ್ನಿನ ಭಾಗ ಅಗಲಕ್ಕೆ ಬಂತು. ತೋಳುಗಳು ಉದ್ದವಿದ್ದವು, ಅವೇ ಎಲ್ಲಕ್ಕಿಂತ ಅನುಕೂಲ.

ತಂತಿಯ ಮೇಲೆ ನೀಲಿ ಚೌಕಳಿಯ ತುಂಡುಗಳು ಸಾಲಾಗಿ ಹಾರಾಡುತ್ತಿದ್ದವು. ಯಜಮಾನರು ಒಂದನ್ನು ಹಿಡಿದು ನೋಡಿ, "ಇದು ನನ್ ತೋಳಲ್ವಾ!" ಎಂದರು.

"ಆಗಿತ್ತು. ಈಗ ನಿಮ್ ಮೊಮ್ಮಗಳ್ದು. ಒಣಗಿದ್ರೆ ತನ್ನಿ, ಒಳಗೆ ಒದ್ದೆ ಮಾಡ್ಕಂಡವ್ಳೆ," ಎಂದೆ.